ಕರ್ನಲ್ ಮುಂದೆ, ಮಾಡ್ಯೂಲ್ ಹಿಂದೆ: ರೌಟರ್ ಫರ್ಮ್‌ವೇರ್‌ನಲ್ಲಿ ಓಪನ್ ವಿಸ್ವಿಚ್ ಪ್ಯಾಕೇಜಿನ ಒಂದು ಪ್ರಕರಣ

ರೌಟರ್‌ಗಳಿಗೆಂದೇ ಇರುವ ಲಿನಕ್ಸ್ ಆದ ಓಪನ್‌ವರ್ಟ್ ಆಧಾರದ ಒಂದು ಫರ್ಮ್‌ವೇರ್, ಅಂದರೆ ಸಾಧನದೊಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್. ಅದನ್ನು 21.02 ಸರಣಿಯಿಂದ 22.03ಕ್ಕೆ ಏರಿಸಬೇಕಿತ್ತು. ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ 5.4ರಿಂದ 5.10ಕ್ಕೆ ಹೋಗುತ್ತದೆ. ಉಳಿದ ಪ್ಯಾಕೇಜುಗಳು ಅಲ್ಲೊಂದು ಇಲ್ಲೊಂದು ಎಚ್ಚರಿಕೆ ಕೊಟ್ಟು ಬಿಲ್ಡ್ ಆದವು. ಓಪನ್ ವಿಸ್ವಿಚ್ (ಓವಿಎಸ್) ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಂಪೈಲ್ ಶುರುವಾಗುವ ಮೊದಲೇ, ಬೇಕಾದದ್ದೆಲ್ಲ ಇದೆಯೇ ಅಂತ ನೋಡುವ ಕಾನ್ಫಿಗರ್ ಹಂತದಲ್ಲೇ ನಿಂತುಬಿಟ್ಟಿತು. ಅದು ಹೇಳಿದ್ದು ಇಷ್ಟು: ಇಲ್ಲಿರುವ ಕರ್ನಲ್ 5.10, ಆದರೆ 5.8ಕ್ಕಿಂತ ಹೊಸದಕ್ಕೆ ಬೆಂಬಲ ಇಲ್ಲ.

ಪ್ಯಾಕೇಜಿನಲ್ಲಿ ಇದ್ದದ್ದು ಓವಿಎಸ್ 2.17. 2022ರ ಫೆಬ್ರವರಿಯಲ್ಲಿ ಬಂದ, ದೀರ್ಘಕಾಲ ಬೆಂಬಲ ಇದ್ದ ಆವೃತ್ತಿ. ಹಾಗಾದರೆ 2020ರ ಕೊನೆಗೇ ಬಂದಿದ್ದ 5.10 ಕರ್ನಲ್ ಅದಕ್ಕೆ ಯಾಕೆ ಆಗಿಬರಲಿಲ್ಲ? ಇದಕ್ಕೆ ಉತ್ತರ ಬೇಕಾದರೆ ಓವಿಎಸ್‌ನ ಒಳಗೆ ಏನೇನಿದೆ ಅಂತ ಒಂಚೂರು ನೋಡಬೇಕು.

ಓಪನ್ ವಿಸ್ವಿಚ್ ಅಂದರೆ ಸಾಫ್ಟ್‌ವೇರ್‌ನಲ್ಲೇ ಇರುವ ಸ್ವಿಚ್. ಅದರಲ್ಲಿ ಮೂರು ಭಾಗ. ಒಂದು, ಸೆಟ್ಟಿಂಗ್ ಎಲ್ಲ ಹಿಡಿದಿಡುವ ಡೇಟಾಬೇಸ್ ಸರ್ವರ್. ಎರಡು, ಯಾವ ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡುವ ವಿಸ್ವಿಚ್‌ಡಿ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ). ಮೂರನೆಯದು ಕರ್ನಲ್ ಒಳಗೆ ಕೂರುವ ಡೇಟಾಪಾತ್ ಮಾಡ್ಯೂಲ್. ಡೀಮನ್ ಒಮ್ಮೆ ತೀರ್ಮಾನ ಕೊಟ್ಟ ಮೇಲೆ ಅದೇ ಬಗೆಯ ಮುಂದಿನ ಪ್ಯಾಕೆಟ್‌ಗಳನ್ನು ಈ ಮಾಡ್ಯೂಲೇ ಸರಸರ ಅಂತ ಸಾಗಿಸುತ್ತದೆ. ರೌಟರ್‌ನಂಥ ಸಣ್ಣ ಪ್ರೊಸೆಸರ್‌ನಲ್ಲಿ ವೇಗ ಬರುವುದು ಇದರಿಂದಲೇ.

ಈ ಮಾಡ್ಯೂಲ್ 2012ರಲ್ಲಿ, 3.3 ಆವೃತ್ತಿಯಲ್ಲೇ ಲಿನಕ್ಸ್ ಕರ್ನಲ್‌ಗೆ ಸೇರಿತ್ತು. ಆದರೂ ಓವಿಎಸ್ ತನ್ನ ಸೋರ್ಸ್ ಜೊತೆಗೆ ಅದರ ಇನ್ನೊಂದು ಪ್ರತಿಯನ್ನು ಇಟ್ಟುಕೊಂಡೇ ಬಂತು. ಹಳೆಯ ಕರ್ನಲ್ ಬಳಸುವವರಿಗೂ ಹೊಸ ಸೌಲಭ್ಯ ಸಿಗಲಿ ಅಂತ. ಹೀಗಾಗಿ ಒಂದೇ ಹೆಸರಿನ ಮಾಡ್ಯೂಲ್ ಎರಡು ಕಡೆ ಬೆಳೆಯಿತು. ಓವಿಎಸ್ ಜೊತೆ ಬರುವ ಪ್ರತಿಗೆ 2.15ರಿಂದ 2.17ರವರೆಗೂ ಮೇಲಿನ ಗಡಿ 5.8 ಕರ್ನಲ್. ಇದನ್ನು ಇನ್ನು ಮುಂದುವರಿಸುವುದಿಲ್ಲ ಅಂತ 2.15ರಲ್ಲೇ ಹೇಳಿಯಾಗಿತ್ತು. 2022ರ 3.0ರಲ್ಲಿ ತೆಗೆದೇ ಹಾಕಿದರು.

ನಮ್ಮ ಪ್ಯಾಕೇಜ್ ಬಳಸುತ್ತಿದ್ದದ್ದು ಈ ಎರಡನೇ ಪ್ರತಿಯನ್ನು. ಇದೇನು ಬೇಜವಾಬ್ದಾರಿಯಿಂದ ಆದದ್ದಲ್ಲ. ಪ್ಯಾಕೇಜ್ ಶುರುವಾದ ಕಾಲಕ್ಕೆ ಕೆಳಗಿದ್ದದ್ದು 4.4 ಕರ್ನಲ್. ಕರ್ನಲ್‌ನೊಳಗಿನ ಓವಿಎಸ್‌ಗೆ ಕನೆಕ್ಷನ್ ಟ್ರ್ಯಾಕಿಂಗ್ (ಯಾವ ಪ್ಯಾಕೆಟ್ ಯಾವ ಸಂಪರ್ಕದ್ದು ಅಂತ ನೆನಪಿಡುವುದು) ಬಂದದ್ದು 4.3ರಲ್ಲಿ. ಅದರ ಜೊತೆಗೆ ಬೇಕಾದ ನ್ಯಾಟ್ (ಪ್ಯಾಕೆಟ್‌ನ ವಿಳಾಸ ಬದಲಿಸುವುದು) ಬಂದದ್ದು 4.6ರಲ್ಲಿ. ವೇಗಕ್ಕೆ ಮಿತಿ ಹಾಕುವ ಮೀಟರ್ ಬಂದದ್ದು 4.15ರಲ್ಲಿ. 4.4 ಇಟ್ಟುಕೊಂಡು ನ್ಯಾಟ್ ಬೇಕು ಅಂದರೆ ಓವಿಎಸ್‌ನ ಸ್ವಂತ ಮಾಡ್ಯೂಲ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. 5.4 ಬರುವ ಹೊತ್ತಿಗೆ ಈ ಕಾರಣಗಳೆಲ್ಲ ಮುಗಿದುಹೋಗಿದ್ದವು. ಪ್ಯಾಕೇಜ್ ಹೇಗೆ ಕಟ್ಟಬೇಕು ಅಂತ ಹೇಳುವ ಮೇಕ್‌ಫೈಲ್ ಮಾತ್ರ ಹಾಗೇ ಇತ್ತು. ಬಿಲ್ಡ್ ಆಗುತ್ತಿರುವ ಮೇಕ್‌ಫೈಲ್‌ನ ತಂಟೆಗೆ ಯಾರು ಹೋಗುತ್ತಾರೆ ಹೇಳಿ?

ಮೊದಲ ಆಸೆ

ಇಂಥ ದೋಷ ಕಂಡ ಕೂಡಲೇ ಎಲ್ಲರ ತಲೆಗೂ ಬರುವ ಉಪಾಯ ಒಂದೇ. ಕಾನ್ಫಿಗರ್‌ನಲ್ಲಿ 5.8 ಅಂತ ಇರುವಲ್ಲಿ 5.10 ಅಂತ ಬರೆದರೆ ಆಯಿತಲ್ಲ! ಒಂದು ಸಾಲಿನ ಪ್ಯಾಚ್. ನಾವೂ ಹಾಕಿ ನೋಡಿದೆವು. ಕಾನ್ಫಿಗರ್ ದಾಟಿತು. ಆಮೇಲೆ ಟನಲ್ (ಒಂದು ಜಾಲದ ಪ್ಯಾಕೆಟ್‌ಗಳನ್ನು ಇನ್ನೊಂದರ ಪ್ಯಾಕೆಟ್‌ನೊಳಗೆ ಸುತ್ತಿ ಸಾಗಿಸುವ ದಾರಿ) ಮತ್ತು ಕನೆಕ್ಷನ್ ಟ್ರ್ಯಾಕಿಂಗ್ ಕಡೆಯ ಫೈಲುಗಳಲ್ಲಿ ಕಂಪೈಲ್ ದೋಷಗಳು ಸಾಲುಗಟ್ಟಿದವು. ಅವನ್ನೂ ಒಂದೊಂದಾಗಿ ಸರಿಮಾಡಬಹುದು, ಕಷ್ಟವೇನಿಲ್ಲ. ನನಗೆ ಭಯ ಇದ್ದದ್ದು ದೋಷ ಕೊಡದೆ ಸುಮ್ನೆ ಕಂಪೈಲ್ ಆಗಿಬಿಡುವ ಸಾಲುಗಳ ಬಗ್ಗೆ.

ಯಾಕೆ ಅಂತ ಹೇಳುತ್ತೇನೆ. ಓವಿಎಸ್‌ನ ಹೊಂದಾಣಿಕೆ ಕೋಡ್ ಕೆಲಸ ಮಾಡುವ ರೀತಿ ಸ್ವಲ್ಪ ವಿಚಿತ್ರ. ಕಾನ್ಫಿಗರ್ ಹಂತದಲ್ಲಿ ಅದು ಕರ್ನಲ್‌ನ ಹೆಡರ್ ಫೈಲುಗಳನ್ನು ಗ್ರೆಪ್ ಮಾಡುತ್ತದೆ. ಈ ಫಂಕ್ಷನ್ ಹೆಸರು ಈ ಫೈಲಿನಲ್ಲಿ ಇದೆಯೇ, ಈ ಸ್ಟ್ರಕ್ಚರ್‌ನಲ್ಲಿ ಈ ಫೀಲ್ಡ್ ಇದೆಯೇ ಅಂತ. ಇದ್ದರೆ ಕರ್ನಲ್‌ನದ್ದನ್ನೇ ಬಳಸುತ್ತದೆ. ಇಲ್ಲದಿದ್ದರೆ ತನ್ನದೇ ಬದಲಿ ಕೋಡ್ ಹಾಕುತ್ತದೆ. ಇಂಥ ಪರೀಕ್ಷೆಗಳು ರಾಶಿ ರಾಶಿ ಇವೆ. ಹೊಸ ಕರ್ನಲ್‌ನಲ್ಲಿ ಒಂದು ಫಂಕ್ಷನ್ ಬೇರೆ ಹೆಡರ್‌ಗೆ ಹೋಗಿದ್ದರೆ ಗ್ರೆಪ್‌ಗೆ ಸಿಗುವುದಿಲ್ಲ. ಆಗ ಓವಿಎಸ್ ಇದು ಹಳೇ ಕರ್ನಲ್ ಅಂದುಕೊಂಡು ಬದಲಿ ಕೋಡ್ ತುರುಕುತ್ತದೆ. ಅದು ಕಂಪೈಲೂ ಆಗಬಹುದು. ಪ್ಯಾಕೆಟ್ ತುಂಡಾದಾಗಲೋ ಟನಲ್ ಮುಚ್ಚುವಾಗಲೋ ಕರ್ನಲ್ ಕುಸಿದಾಗ ಮಾತ್ರ ಗೊತ್ತಾಗುತ್ತದೆ. ಇದರ ಮೇಲೆ ಓಪನ್‌ವರ್ಟ್ ಕರ್ನಲ್ ಬೇರೆ ಅಚ್ಚುಕಟ್ಟಾದ 5.10 ಅಲ್ಲ. ಮುಂದಿನ ಆವೃತ್ತಿಗಳಿಂದ ಹಿಂದಕ್ಕೆ ತಂದ ಪ್ಯಾಚುಗಳು ಅದರಲ್ಲಿ ಬೇಕಾದಷ್ಟಿವೆ. ಆವೃತ್ತಿ ಸಂಖ್ಯೆ ನೋಡಿ ಊಹೆ ಮಾಡುವ ಕೋಡ್ ಅಲ್ಲಿ ಎಡವುವುದು ಸಹಜ.

ಇನ್ನೊಂದು ದಾರಿ ಯೂಸರ್‌ಸ್ಪೇಸ್ ಡೇಟಾಪಾತ್, ಅಂದರೆ ಕರ್ನಲ್‌ನ ಹೊರಗೆ ಓಡುವಂಥದ್ದು. ಬ್ರಿಡ್ಜ್‌ನ (ಪೋರ್ಟುಗಳನ್ನು ಒಟ್ಟಿಗೆ ಸೇರಿಸುವ ಸಾಫ್ಟ್‌ವೇರ್ ಸ್ವಿಚ್‌ನ) ಡೇಟಾಪಾತ್ ಬಗೆಯನ್ನು ನೆಟ್‌ಡೆವ್ ಅಂತ ಇಟ್ಟರೆ ಕರ್ನಲ್ ಮಾಡ್ಯೂಲಿನ ಹಂಗೇ ಇಲ್ಲ. ಪ್ಯಾಕೆಟ್‌ಗಳನ್ನು ಡೀಮನ್ನೇ ಸಾಗಿಸುತ್ತದೆ. ಪ್ಯಾಕೆಟ್‌ಗಳನ್ನು ವೇಗವಾಗಿ ಸಾಗಿಸುವ ಡಿಪಿಡಿಕೆ ಲೈಬ್ರರಿ ಇರುವ ದೊಡ್ಡ ಸರ್ವರ್‌ಗಳಲ್ಲಿ ಇದು ರಾಜಮಾರ್ಗ. ಎರಡು ಕೋರ್‌ನ ಮಿಪ್ಸ್ ಪ್ರೊಸೆಸರ್ ಇರುವ ರೌಟರ್‌ನಲ್ಲಿ ಪ್ರತಿ ಪ್ಯಾಕೆಟ್ ಕರ್ನಲ್‌ನಿಂದ ಮೇಲೆ ಬಂದು ಮತ್ತೆ ಕೆಳಗಿಳಿಯಬೇಕು ಅಂದರೆ ಪ್ರೊಸೆಸರ್ ಅಲ್ಲೇ ಸುಸ್ತು. ಇದನ್ನು ಜಾಸ್ತಿ ಹೊತ್ತು ಚರ್ಚೆ ಮಾಡಲಿಲ್ಲ.

ಉಳಿದದ್ದು ಕರ್ನಲ್‌ನೊಳಗಿನ ಮಾಡ್ಯೂಲ್. ಅದನ್ನು ನೋಡಿಕೊಳ್ಳುವವರು ಕರ್ನಲ್‌ನವರೇ. ಕರ್ನಲ್ ಬದಲಾದಾಗ ಅದೂ ಜೊತೆಗೇ ಬದಲಾಗುತ್ತದೆ. ಡೀಮನ್ ಮತ್ತು ಮಾಡ್ಯೂಲ್ ಮಾತಾಡುವುದು ಕರ್ನಲ್ ಜೊತೆ ಸಂದೇಶ ಸಾಗಿಸುವ ಜೆನೆರಿಕ್ ನೆಟ್‌ಲಿಂಕ್ ಮೂಲಕ. ಆ ಒಪ್ಪಂದವನ್ನು ಕರ್ನಲ್ ಮುರಿಯುವುದಿಲ್ಲ. ಹಾಗಾಗಿ ಓವಿಎಸ್ 2.17 ಡೀಮನ್ 5.10ರ ಮಾಡ್ಯೂಲ್ ಜೊತೆ ಆರಾಮಾಗಿ ಇರಬಲ್ಲದು. ನಾಳೆ ಡೀಮನ್ 3.x ಆದರೂ ಅಷ್ಟೇ.

ಏನು ಕಳೆದುಕೊಳ್ಳುತ್ತೇವೆ?

ತೀರ್ಮಾನಕ್ಕೆ ಮೊದಲು ಇದನ್ನು ಕೇಳಲೇಬೇಕಿತ್ತು. ಕರ್ನಲ್‌ನೊಳಗಿನ ಮಾಡ್ಯೂಲಿನಲ್ಲಿ ಎಸ್‌ಟಿಟಿ ಮತ್ತು ಲಿಸ್ಪ್ ಟನಲ್‌ಗಳು ಇಲ್ಲ. ಯಾವತ್ತೂ ಸೇರಲಿಲ್ಲ. ವಿಎಕ್ಸ್‌ಲ್ಯಾನ್, ಜಿಆರ್‌ಇ, ಜೆನೀವ್ ಅನ್ನುವ ಟನಲ್ ಬಗೆಗಳು ಇವೆ. ಐಪಿವಿ6 ಮೇಲಿನ ವಿಎಕ್ಸ್‌ಲ್ಯಾನ್‌ಗೂ 4.3 ಕರ್ನಲ್ ಇದ್ದರೆ ಸಾಕು.

ಎಸ್‌ಟಿಟಿ ಯಾರಾದರೂ ಬಳಸುತ್ತಿದ್ದಾರಾ ಅಂತ ಜನರನ್ನು ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಅದಕ್ಕೆ ಸಾಧನಗಳ ಬ್ಯಾಕಪ್‌ನಲ್ಲಿದ್ದ ಡೇಟಾಬೇಸ್ ಫೈಲುಗಳನ್ನೇ ತೆರೆದು ನೋಡಿದೆವು. ಓವಿಎಸ್‌ನ ಡೇಟಾಬೇಸ್ ಫೈಲ್ ಜೇಸನ್ ಸಾಲುಗಳ ಒಂದು ಲಾಗ್. ಪ್ರತಿ ಬದಲಾವಣೆಯೂ ಕೊನೆಗೆ ಒಂದು ದಾಖಲೆಯಾಗಿ ಸೇರುತ್ತದೆ. ಇಂಟರ್‌ಫೇಸ್ ಟೇಬಲ್‌ನ ಟೈಪ್ ಕಾಲಂ ಹುಡುಕಿದರೆ ಯಾವ ಟನಲ್ ಇದೆ ಅಂತ ನೇರ ಸಿಗುತ್ತದೆ. ಎಲ್ಲ ಕಡೆ ವಿಎಕ್ಸ್‌ಲ್ಯಾನ್. ಬೆರಳೆಣಿಕೆಯಷ್ಟು ಕಡೆ ಜಿಆರ್‌ಇ. ಎಸ್‌ಟಿಟಿ ಎಲ್ಲೂ ಇಲ್ಲ, ಲಿಸ್ಪ್ ಎಲ್ಲೂ ಇಲ್ಲ.

ಎರಡನೇ ಪರೀಕ್ಷೆ ನನಗೆ ಇನ್ನೂ ಇಷ್ಟವಾದದ್ದು. ವಿಸ್ವಿಚ್‌ಡಿ ಮೊದಲ ಬ್ರಿಡ್ಜ್ ಮಾಡುವಾಗ ಕೆಳಗಿನ ಮಾಡ್ಯೂಲಿಗೆ ಏನೇನು ಗೊತ್ತಿದೆ ಅಂತ ಪ್ರಶ್ನೆ ಹಾಕಿ ತಿಳಿದುಕೊಳ್ಳುತ್ತದೆ. ಉತ್ತರಗಳನ್ನು ಲಾಗ್‌ನಲ್ಲಿ ಬರೆಯುತ್ತದೆ. ಡೇಟಾಪಾತ್‌ಗೆ ರೀಸರ್ಕ್ಯುಲೇಷನ್ ಬರುತ್ತದೆ, ಕನೆಕ್ಷನ್ ಸ್ಥಿತಿ ಬರುತ್ತದೆ, ಸ್ಥಿತಿ ಜೊತೆ ನ್ಯಾಟ್ ಬರುತ್ತದೆ, ಇಷ್ಟು ಎಂಪಿಎಲ್‌ಎಸ್ ಲೇಬಲ್ ತನಕ ಸರಿ, ಇದು ಬರುವುದಿಲ್ಲ, ಹೀಗೆ ಸಾಲು ಸಾಲು. ಹಳೇ ಮಾಡ್ಯೂಲ್ ಇರುವ ರೌಟರ್‌ನ ಲಾಗನ್ನೂ ಹೊಸ ಮಾಡ್ಯೂಲ್ ಇರುವುದರ ಲಾಗನ್ನೂ ಪಕ್ಕಪಕ್ಕ ಇಟ್ಟು ಡಿಫ್ ಮಾಡಿ ವ್ಯತ್ಯಾಸ ನೋಡಿದೆವು. ನಡೆಯುತ್ತಿರುವ ಡೀಮನ್ನಿಂದ ಇದೇ ಪಟ್ಟಿ ತೆಗೆಯಲು ಓವಿಎಸ್-ಆ್ಯಪ್‌ಸಿಟಿಎಲ್‌ನಲ್ಲಿ ಒಂದು ಕಮಾಂಡ್ ಕೂಡ ಇದೆ. ಕಾಗದದ ಮೇಲಿನ ಹೋಲಿಕೆ ಪಟ್ಟಿಗಿಂತ ಇದನ್ನೇ ನಾನು ನಂಬುತ್ತೇನೆ.

ನಂಬಿದ್ದಕ್ಕೆ ಫಲವೂ ಸಿಕ್ಕಿತು. ಮೊದಲ ಪ್ರಯೋಗದ ಇಮೇಜಿನಲ್ಲಿ (ರೌಟರ್‌ಗೆ ಹಾಕುವ ಪೂರ್ತಿ ಫರ್ಮ್‌ವೇರ್ ಫೈಲಿನಲ್ಲಿ) ಕನೆಕ್ಷನ್ ಸ್ಥಿತಿಯ ಸಾಲುಗಳೆಲ್ಲ ಬೆಂಬಲ ಇಲ್ಲ ಅಂತ ಬಂದಿದ್ದವು. ಕಾರಣ ಸರಳ. ಕರ್ನಲ್‌ನ ಓವಿಎಸ್ ಮಾಡ್ಯೂಲಿಗೆ ಕನೆಕ್ಷನ್ ಟ್ರ್ಯಾಕಿಂಗ್ ಕಡ್ಡಾಯ ಅಲ್ಲ. ಕರ್ನಲ್ ಸಂರಚನೆಯಲ್ಲಿ ಅದು ಇಲ್ಲದಿದ್ದರೆ ಆ ಫೈಲನ್ನೇ ಬಿಟ್ಟು ಮಾಡ್ಯೂಲ್ ತಯಾರಾಗುತ್ತದೆ. ದೋಷವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಆ ಇಮೇಜಿನಲ್ಲಿ ಫೈರ್‌ವಾಲ್ ಪ್ಯಾಕೇಜ್ ತೆಗೆದಿದ್ದರಿಂದ ಅದರ ಹಿಂದೆ ಬರುವ, ಕನೆಕ್ಷನ್ ಟ್ರ್ಯಾಕಿಂಗ್ ಇರುವ ನೆಟ್‌ಫಿಲ್ಟರ್ ಮಾಡ್ಯೂಲುಗಳೂ ಬಂದಿರಲಿಲ್ಲ. ಹಾಗಾಗಿ ನಮ್ಮ ಮಾಡ್ಯೂಲ್ ಪ್ಯಾಕೇಜಿನ ಅವಲಂಬನೆಗಳಲ್ಲಿ ಕನೆಕ್ಷನ್ ಟ್ರ್ಯಾಕಿಂಗ್, ನ್ಯಾಟ್, ಐಪಿವಿ6 ತುಂಡು ಜೋಡಿಸುವ ಮಾಡ್ಯೂಲ್, ಎನ್‌ಎಸ್‌ಎಚ್, ಎಂಪಿಎಲ್‌ಎಸ್ ಎಲ್ಲವನ್ನೂ ಹೆಸರು ಹಿಡಿದು ಸೇರಿಸಿದೆವು. ಇನ್ನೊಬ್ಬರು ತರುತ್ತಾರೆ ಅಂತ ಬಿಡಬಾರದು.

ಟನಲ್ ಏಳಲಿಲ್ಲ

ಅವಲಂಬನೆಯ ಈ ವಿಷಯ ಇನ್ನೊಂದು ರೂಪದಲ್ಲೂ ಕಾಡಿತು. ಪ್ರಯೋಗಾಲಯದ ರೌಟರ್‌ನಲ್ಲಿ ಎಲ್ಲ ಸರಿ ಇತ್ತು. ಬ್ರಿಡ್ಜ್ ಎದ್ದಿತು, ವಿಎಕ್ಸ್‌ಲ್ಯಾನ್ ಓಡಿತು. ಅದೇ ಪ್ಯಾಕೇಜನ್ನು, ತೀರಾ ಬೇಕಾದದ್ದು ಮಾತ್ರ ಇರುವ ಕನಿಷ್ಠ ಇಮೇಜಿಗೆ ಹಾಕಿದಾಗ ಬ್ರಿಡ್ಜ್ ಇದೆ, ಲ್ಯಾನ್ ಪೋರ್ಟ್ ಇದೆ, ಟನಲ್ ಪೋರ್ಟ್ ಮಾತ್ರ ಇಲ್ಲ. ಓವಿಎಸ್-ವಿಎಸ್‌ಸಿಟಿಎಲ್ ಶೋ ಕೊಟ್ಟರೆ ಆ ಪೋರ್ಟಿನ ಕೆಳಗೆ ಒಂದು ಸಾಲು: ಈ ಸಾಧನವನ್ನು ಸೇರಿಸಲು ಆಗಲಿಲ್ಲ, ಈ ಅಡ್ರೆಸ್ ಫ್ಯಾಮಿಲಿಗೆ ಪ್ರೊಟೊಕಾಲ್‌ನಲ್ಲಿ ಬೆಂಬಲ ಇಲ್ಲ.

ಈ ಸಂದೇಶ ನೋಡಿದವರು ಮೊದಲು ಐಪಿ ವಿಳಾಸ ತಪ್ಪಿದೆಯಾ, ಐಪಿವಿ6 ಬಂದ್ ಆಗಿದೆಯಾ ಅಂತ ಹುಡುಕಲು ಹೊರಡುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನೀನು ಕೇಳಿದ ಟನಲ್ ಬಗೆ ನನಗೆ ಗೊತ್ತಿಲ್ಲ ಅನ್ನಲು ಕರ್ನಲ್ ಹಿಂತಿರುಗಿಸುವ ದೋಷ ಸಂಖ್ಯೆ ಅದು. ಅದರ ಸಾಮಾನ್ಯ ವಿವರಣೆ ಮಾತ್ರ ಅಡ್ರೆಸ್ ಫ್ಯಾಮಿಲಿ ಅಂತ ಇದೆ, ಅಷ್ಟೇ.

ನಡೆದದ್ದು ಹೀಗೆ. ಓವಿಎಸ್‌ನ ಸ್ವಂತ ಮಾಡ್ಯೂಲಿನಲ್ಲಿ ಟನಲ್ ಕೋಡ್ ಎಲ್ಲ ಅದರ ಜೊತೆಗೇ ಇತ್ತು. ಒಂದು ಪ್ಯಾಕೇಜ್ ಹಾಕಿದರೆ ಎಲ್ಲ ಬರುತ್ತಿತ್ತು. ಕರ್ನಲ್‌ನಲ್ಲಿ ಹಾಗಿಲ್ಲ. ಮುಖ್ಯ ಮಾಡ್ಯೂಲ್ ಬೇರೆ, ವಿಎಕ್ಸ್‌ಲ್ಯಾನ್‌ಗೆ ಕೊಂಡಿಯಾಗುವ ಸಣ್ಣ ಮಾಡ್ಯೂಲ್ ಬೇರೆ, ನಿಜವಾದ ವಿಎಕ್ಸ್‌ಲ್ಯಾನ್ ಡ್ರೈವರ್ ಇನ್ನೂ ಬೇರೆ. ವಿಸ್ವಿಚ್‌ಡಿ ಮೊದಲು ಸಾಮಾನ್ಯ ದಾರಿಯಲ್ಲಿ ಒಂದು ವಿಎಕ್ಸ್‌ಲ್ಯಾನ್ ಸಾಧನ ಮಾಡಲು ನೋಡುತ್ತದೆ. ಡ್ರೈವರ್ ಇಲ್ಲದಿದ್ದರೆ ಹಳೆಯ ಕೊಂಡಿ ಮಾಡ್ಯೂಲನ್ನು ಕೇಳುತ್ತದೆ. ಎರಡೂ ಇಲ್ಲದಿದ್ದರೆ ಈ ಸಂದೇಶ. ಪ್ರಯೋಗಾಲಯದ ರೌಟರ್‌ನಲ್ಲಿ ಬೇರೆ ಯಾವುದೋ ಪ್ಯಾಕೇಜ್ ವಿಎಕ್ಸ್‌ಲ್ಯಾನ್ ಡ್ರೈವರನ್ನು ಮೊದಲೇ ಎಳೆದು ತಂದಿತ್ತು.

ಡ್ರೈವರ್ ಸೇರಿಸಿದ ಮೇಲೆ ಐಪಿ ಲಿಂಕ್ ಪಟ್ಟಿಯಲ್ಲಿ 4789 ಅಂತ ಕೊನೆಯಾಗುವ ಹೆಸರಿನ ಒಂದು ವಿಎಕ್ಸ್‌ಲ್ಯಾನ್ ಸಾಧನ ಕಾಣಿಸಿತು. 4789 ವಿಎಕ್ಸ್‌ಲ್ಯಾನ್‌ನ ಯುಡಿಪಿ ಪೋರ್ಟ್. ಓವಿಎಸ್ ತನ್ನ ಎಲ್ಲ ವಿಎಕ್ಸ್‌ಲ್ಯಾನ್ ಟನಲ್‌ಗಳಿಗೂ ಆ ಪೋರ್ಟಿಗೆ ಒಂದೇ ಸಾಧನ ಇಟ್ಟುಕೊಳ್ಳುತ್ತದೆ. ಅದು ಪಟ್ಟಿಯಲ್ಲಿ ಇದೆಯೇ ಅನ್ನುವುದನ್ನೇ ಸ್ವಯಂಚಾಲಿತ ಪರೀಕ್ಷೆಗೆ ಹಾಕಿಬಿಟ್ಟೆವು. ಪರೀಕ್ಷೆ ನಡೆಯುವುದು ಕನಿಷ್ಠ ಇಮೇಜಿನಲ್ಲಿ ಮಾತ್ರ. ತುಂಬಿದ ಇಮೇಜಿನಲ್ಲಿ ಪಾಸಾದರೆ ಏನೂ ಗೊತ್ತಾದಂತೆ ಅಲ್ಲ.

ಮೇಕ್‌ಫೈಲಿನಲ್ಲಿ ಇನ್ನೊಂದು ನಿರ್ಧಾರ ಇತ್ತು. ವಿಎಕ್ಸ್‌ಲ್ಯಾನ್ ಮಾಡ್ಯೂಲನ್ನು ಮುಖ್ಯ ಪ್ಯಾಕೇಜಿಗೇ ಕಟ್ಟುವುದೋ, ಬೇಕಾದವರು ಆರಿಸಿಕೊಳ್ಳಲಿ ಅಂತ ಬೇರೆ ಬಿಡುವುದೋ? ಫ್ಲ್ಯಾಶ್ ಉಳಿಸುವುದು ಮುಖ್ಯ ಅಂದರೆ ಬೇರೆ ಬಿಡಬೇಕು. ನಾವು ಕಟ್ಟಿದೆವು. ಹಳೇ ಪ್ಯಾಕೇಜ್ ಕೊಡುತ್ತಿದ್ದ ಸೌಲಭ್ಯವನ್ನು ಅದೇ ಹೆಸರಿನ ಹೊಸ ಪ್ಯಾಕೇಜ್ ಸದ್ದಿಲ್ಲದೆ ಕಿತ್ತುಕೊಳ್ಳಬಾರದು. ಜಿಆರ್‌ಇಯನ್ನೂ ಸೇರಿಸಿದೆವು. ಜೆನೀವ್ ಯಾರೂ ಬಳಸುತ್ತಿರಲಿಲ್ಲ, ಅದನ್ನು ಬೇರೆ ಇಟ್ಟೆವು.

ಬಿಲ್ಡ್ ಸರ್ವರ್‌ನಲ್ಲಿ ಮಾತ್ರ ಬರುವ ದೋಷ

ನಮ್ಮ ಯಂತ್ರಗಳಲ್ಲಿ ಬಿಲ್ಡ್ ಸಲೀಸಾಗಿ ಆಗುತ್ತಿತ್ತು. ಎಲ್ಲ ಪ್ಯಾಕೇಜುಗಳನ್ನೂ ಒಟ್ಟಿಗೆ ಕಟ್ಟುವ ಸರ್ವರ್‌ನಲ್ಲಿ ಮಾತ್ರ ಕೆಲವೊಮ್ಮೆ ಆಗುತ್ತಿತ್ತು, ಕೆಲವೊಮ್ಮೆ ಇಲ್ಲ. ಆಗದಿದ್ದಾಗ ಬರುತ್ತಿದ್ದ ದೂರು: ಈ ಪ್ಯಾಕೇಜಿಗೆ ಲಿಬ್‌ಅನ್‌ಬೌಂಡ್ ಲೈಬ್ರರಿಯ ಅವಲಂಬನೆ ಹೇಳಿಲ್ಲ. ಓವಿಎಸ್‌ನ ಕಾನ್ಫಿಗರ್‌ಗೆ ಅನ್‌ಬೌಂಡ್ ಕಂಡರೆ ಸ್ವಿಚ್‌ಗೆ ನಿಯಮ ಕೊಡುವ ಕಂಟ್ರೋಲರ್‌ಗಳ ಹೆಸರನ್ನು ಡಿಎನ್‌ಎಸ್‌ನಲ್ಲಿ ಹುಡುಕಲು ಅದನ್ನು ಕೇಳದೇ ಸೇರಿಸಿಕೊಳ್ಳುತ್ತದೆ. ಸರ್ವರ್‌ನಲ್ಲಿ ಸಮಾನಾಂತರ ಬಿಲ್ಡ್ ನಡೆಯುವಾಗ ಅನ್‌ಬೌಂಡ್ ಮೊದಲು ಮುಗಿದರೆ ಓವಿಎಸ್‌ಗೆ ಅದು ಸಿಗುತ್ತದೆ, ನಂತರ ಮುಗಿದರೆ ಸಿಗುವುದಿಲ್ಲ. ಕಾನ್ಫಿಗರ್ ಹಂತದ ಹಿಂದಿರುವ ಆಟೊಕಾನ್ಫ್‌ಗೆ ಆ ಪರೀಕ್ಷೆಯ ಉತ್ತರ ಇಲ್ಲ ಅಂತಲೇ ಮೇಕ್‌ಫೈಲಿನಲ್ಲಿ ಮೊದಲೇ ಕೊಟ್ಟೆವು. ಗೊಂದಲ ಮುಗಿಯಿತು. ಐಪಿ ವಿಳಾಸದಲ್ಲೇ ಕಂಟ್ರೋಲರ್ ಹೇಳುವ ನಮ್ಮಂಥವರಿಗೆ ಅನ್‌ಬೌಂಡ್ ಬೇಕಾಗಿಯೂ ಇಲ್ಲ.

ಓಪನ್‌ವರ್ಟ್ ಬಳಸುವ ಮಸ್ಲ್ ಸಿ ಲೈಬ್ರರಿಯ ಹಳೇ ತಕರಾರೂ ಒಂದು ಇತ್ತು. ಕರ್ನಲ್‌ನ ಹೆಡರೂ ಮಸ್ಲ್‌ನ ಹೆಡರೂ ಒಂದೇ ಫೈಲಿನಲ್ಲಿ ಸೇರಿದರೆ ಈಥರ್ನೆಟ್ ಹೆಡರ್ ಸ್ಟ್ರಕ್ಚರ್ ಎರಡು ಸಲ ಬಂದಿದೆ ಅನ್ನುವ ದೋಷ. ಓಪನ್‌ವರ್ಟ್‌ಗೆ ಪ್ಯಾಕೇಜ್ ಕಟ್ಟಿದ ಯಾರಿಗೂ ಇದು ಹೊಸದಲ್ಲ. ಹೆಡರ್‌ಗಳ ಕ್ರಮ ಬದಲಿಸುವ ಸಣ್ಣ ಪ್ಯಾಚ್ ಸಾಕು.

ಊರ ಹೊರಗಿನ ಸಾಧನಗಳು

ಬೆಂಚಿನ ಮೇಲೆ ಗೆದ್ದಾಯಿತು. ಈಗಾಗಲೇ ಓಡುತ್ತಿರುವ ರೌಟರ್‌ಗಳಿಗೆ ಇದನ್ನು ತಲುಪಿಸುವುದು ಹೇಗೆ? ಮಾಡ್ಯೂಲ್ ಪ್ಯಾಕೇಜನ್ನು ಮಾತ್ರ ಓಪಿಕೆಜಿಯಲ್ಲಿ (ಈ ಆವೃತ್ತಿಗಳಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್) ಬದಲಿಸಲು ಬರುವುದಿಲ್ಲ. ಓಪನ್‌ವರ್ಟ್‌ನ ಕರ್ನಲ್ ಮಾಡ್ಯೂಲ್ ಪ್ಯಾಕೇಜುಗಳು ತಾವು ಹುಟ್ಟಿದ ಕರ್ನಲ್ ಸಂರಚನೆಯ ಗುರುತಿನ ಸಂಖ್ಯೆಯಾದ ಹ್ಯಾಶ್‌ಗೇ ಅಂಟಿಕೊಂಡಿರುತ್ತವೆ. ಅದು ಹೊಂದದಿದ್ದರೆ ಇನ್‌ಸ್ಟಾಲೇ ಆಗುವುದಿಲ್ಲ. ಇದು ಒಳ್ಳೆಯದೇ. ಪೂರ್ತಿ ಇಮೇಜನ್ನು ಸಿಸ್‌ಅಪ್‌ಗ್ರೇಡ್ ಮಾಡುವುದೊಂದೇ ದಾರಿ.

ಅಲ್ಲಿ ಕಾಯಬೇಕಾದ ಆಸ್ತಿ ಓವಿಎಸ್‌ನ ಡೇಟಾಬೇಸ್ ಫೈಲ್. ಬ್ರಿಡ್ಜ್, ಪೋರ್ಟ್, ಟನಲ್ ಎಲ್ಲ ಅದರಲ್ಲೇ ಇರುವುದು. ಅಪ್‌ಗ್ರೇಡ್‌ನಲ್ಲಿ ಉಳಿಸಬೇಕಾದ ಫೈಲುಗಳ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ರೌಟರ್ ಖಾಲಿ ತಲೆಯಲ್ಲಿ ಏಳುತ್ತದೆ. ಟನಲ್ ಮೂಲಕವೇ ನಿರ್ವಹಣೆ ಮಾಡುವ ಕಡೆ ಇದರ ಅರ್ಥ, ಯಾರಾದರೂ ಎದ್ದು ಅಲ್ಲಿಗೆ ಹೋಗಬೇಕು.

ಓವಿಎಸ್ ಆವೃತ್ತಿ ಬದಲಾದಾಗ ಡೇಟಾಬೇಸ್‌ನ ಸ್ಕೀಮಾ (ಟೇಬಲ್, ಕಾಲಂಗಳ ವಿನ್ಯಾಸ) ಕೂಡ ಬದಲಾಗಬಹುದು. ಆಗ ಶುರುವಾಗುವ ಹೊತ್ತಿನಲ್ಲಿ ಓವಿಎಸ್ ಸ್ಕ್ರಿಪ್ಟ್ ಹಳೇ ಫೈಲಿನ ಒಂದು ಪ್ರತಿ ತೆಗೆದಿಟ್ಟು, ಹೊಸ ಸ್ಕೀಮಾಗೆ ಪರಿವರ್ತಿಸುತ್ತದೆ. ಸರ್ವರ್‌ನಲ್ಲಿ ಇಂಥ ಪ್ರತಿಗಳು ಕೂಡಿದರೆ ಯಾರಿಗೂ ಲೆಕ್ಕಕ್ಕಿಲ್ಲ. ಸಣ್ಣ ಫ್ಲ್ಯಾಶ್‌ನಲ್ಲಿ ಲೆಕ್ಕಕ್ಕಿದೆ. ಕೊನೆಯ ಪ್ರತಿ ಮಾತ್ರ ಉಳಿಸುವ ಎರಡು ಸಾಲನ್ನು ಇನಿಟ್ ಸ್ಕ್ರಿಪ್ಟಿಗೆ ಸೇರಿಸಿದೆವು. ಅದನ್ನೂ ಅಳಿಸಿಬಿಡೋಣ ಅನ್ನುವ ಸಲಹೆ ಬಂದಿತ್ತು, ಒಪ್ಪಲಿಲ್ಲ. ಹಿಂದಿನ ಆವೃತ್ತಿಗೆ ಮರಳಬೇಕಾದರೆ ಅದೊಂದೇ ಆಧಾರ.

ಡೇಟಾಬೇಸ್ ಸದಾ ಬರೆಯುತ್ತಾ ಫ್ಲ್ಯಾಶ್ ಸವೆಸುತ್ತದೆ ಅನ್ನುವ ಆತಂಕವೂ ಆಗಾಗ ಕೇಳಿಬರುತ್ತದೆ. ಪೋರ್ಟ್‌ಗಳ ಅಂಕಿಅಂಶ ಕೆಲವೇ ಸೆಕೆಂಡಿಗೊಮ್ಮೆ ಬದಲಾಗುವುದು ನಿಜ. ಆದರೆ ಆ ಕಾಲಂಗಳನ್ನು ತಾತ್ಕಾಲಿಕ ಅಂತ ಗುರುತು ಮಾಡಿದ್ದಾರೆ, ಅವು ಡಿಸ್ಕಿಗೆ ಹೋಗುವುದಿಲ್ಲ. ಬರೆಯುವುದು ಸೆಟ್ಟಿಂಗ್ ಬದಲಾದಾಗ ಮಾತ್ರ. ಪ್ರತಿ ಬೂಟ್‌ನಲ್ಲಿ ಬ್ರಿಡ್ಜ್ ಅಳಿಸಿ ಮತ್ತೆ ಮಾಡುವ ಸ್ಕ್ರಿಪ್ಟ್ ಇದ್ದರೆ ಅದನ್ನು ಮೊದಲು ನೋಡಿ.

ಮೆಮೊರಿ ಕಡೆ ಒಂದೇ ಬದಲಾವಣೆ. ಓವಿಎಸ್ ಸ್ಕ್ರಿಪ್ಟ್ ತಾನಾಗಿ ಡೀಮನ್ನಿನ ಮೆಮೊರಿಯನ್ನೆಲ್ಲ ರ್‍ಯಾಮ್‌ನಲ್ಲಿ ಬೀಗ ಹಾಕಿ ಕೂರಿಸುತ್ತದೆ. 128 ಎಂಬಿ ರೌಟರ್‌ನಲ್ಲಿ ಅದು ದುಬಾರಿ. ಬೇಡ ಅಂತ ಆಯ್ಕೆ ಕೊಟ್ಟೆವು.

ವೇಗ ಬಿದ್ದಿತು ಅನ್ನುವ ದೂರು

ಅಪ್‌ಗ್ರೇಡ್ ಆದ ಮೇಲೆ ಒಂದು ಮಾದರಿಯ ರೌಟರ್‌ನಲ್ಲಿ ಲ್ಯಾನ್ ಪೋರ್ಟುಗಳ ನಡುವಿನ ವೇಗ ಕುಸಿಯಿತು ಅಂತ ದೂರು ಬಂತು. ಹೊಸ ಮಾಡ್ಯೂಲ್ ನಿಧಾನ ಅನ್ನುವ ತೀರ್ಪೂ ಜೊತೆಗೇ ಬಂತು. ಟಾಪ್ ಹಾಕಿದರೆ ಸಾಫ್ಟ್ ಇಂಟರಪ್ಟ್‌ನಲ್ಲೇ, ಅಂದರೆ ಕರ್ನಲ್ ಪ್ಯಾಕೆಟ್ ಸಾಗಿಸುವ ಕೆಲಸದಲ್ಲೇ, ಪ್ರೊಸೆಸರ್ ಮುಳುಗಿತ್ತು. ಅದೇ ಮಾಡ್ಯೂಲ್ ಇರುವ ಬೇರೆ ಮಾದರಿಗಳಲ್ಲಿ ಏನೂ ತೊಂದರೆ ಇರಲಿಲ್ಲ.

ಆ ಮಾದರಿಯಲ್ಲಿ ಇದೇ ಅಪ್‌ಗ್ರೇಡ್ ಜೊತೆ ಇನ್ನೊಂದು ಬದಲಾವಣೆ ಆಗಿತ್ತು. ರೌಟರ್‌ನ ಸ್ವಿಚ್ ಚಿಪ್ಪನ್ನು ನಡೆಸುವ ಹಳೆಯ ವ್ಯವಸ್ಥೆ ಎಸ್‌ಡಬ್ಲ್ಯುಕಾನ್ಫಿಗ್ ಹೋಗಿ ಹೊಸದಾದ ಡಿಎಸ್‌ಎ ಬಂದಿತ್ತು. ಮೊದಲು ನಾಲ್ಕು ಲ್ಯಾನ್ ಪೋರ್ಟೂ ಸೇರಿ ಓವಿಎಸ್‌ಗೆ ಒಂದೇ ಸಾಧನವಾಗಿ ಕಾಣುತ್ತಿದ್ದವು. ಪೋರ್ಟಿನಿಂದ ಪೋರ್ಟಿಗೆ ಹೋಗುವ ಪ್ಯಾಕೆಟ್ ಸ್ವಿಚ್ ಚಿಪ್‌ನೊಳಗೇ ದಾಟಿಹೋಗುತ್ತಿತ್ತು. ಡಿಎಸ್‌ಎಯಲ್ಲಿ ಪ್ರತಿ ಪೋರ್ಟೂ ಬೇರೆ ಸಾಧನ. ಅವನ್ನು ಲಿನಕ್ಸ್ ಬ್ರಿಡ್ಜ್‌ಗೆ ಹಾಕಿದರೆ ಕರ್ನಲ್ ಆ ವಿಷಯವನ್ನು ಚಿಪ್‌ಗೆ ತಿಳಿಸುತ್ತದೆ, ಚಿಪ್ಪೇ ಸಾಗಿಸುತ್ತದೆ. ಓವಿಎಸ್ ಬ್ರಿಡ್ಜ್‌ಗೆ ಹಾಕಿದರೆ ಹಾಗೆ ತಿಳಿಸುವ ವ್ಯವಸ್ಥೆ ಇಲ್ಲ. ಪಕ್ಕದ ಪೋರ್ಟಿಗೆ ಹೋಗುವ ಪ್ಯಾಕೆಟ್ ಕೂಡ ಪ್ರೊಸೆಸರ್‌ಗೆ ಬಂದೇ ಹೋಗಬೇಕು.

ಪರಿಹಾರಕ್ಕೆ ಓವಿಎಸ್ ಕೋಡ್ ಮುಟ್ಟಲಿಲ್ಲ. ಲ್ಯಾನ್ ಪೋರ್ಟುಗಳನ್ನು ಮಾಮೂಲಿ ಲಿನಕ್ಸ್ ಬ್ರಿಡ್ಜ್‌ನಲ್ಲೇ ಬಿಟ್ಟೆವು. ಆ ಬ್ರಿಡ್ಜ್‌ಗೂ ಓವಿಎಸ್ ಬ್ರಿಡ್ಜ್‌ಗೂ ನಡುವೆ ಒಂದು ವೆತ್ ಜೋಡಿ (ಸಾಫ್ಟ್‌ವೇರ್‌ನಲ್ಲೇ ಇರುವ, ಎರಡು ತುದಿಯ ತಂತಿ) ಹಾಕಿದೆವು. ಒಳಗಿನ ಸಂಚಾರ ಚಿಪ್‌ನಲ್ಲೇ ಮುಗಿಯುತ್ತದೆ. ಟನಲ್‌ಗೆ ಹೋಗುವುದು ಮಾತ್ರ ಓವಿಎಸ್‌ಗೆ ಬರುತ್ತದೆ. ಇದಕ್ಕೆ ವೆತ್ ಮಾಡ್ಯೂಲ್ ಬೇಕು, ಅದನ್ನೂ ಆ ಮಾದರಿಯ ಇಮೇಜ್ ಪಟ್ಟಿಗೆ ಸೇರಿಸಿದೆವು. ವಿಎಕ್ಸ್‌ಲ್ಯಾನ್‌ಗೆ ಐಪಿವಿ4 ಮೇಲೆ 50 ಬೈಟ್ ಜಾಸ್ತಿ ಬೇಕಾಗುತ್ತದೆ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಲೆಕ್ಕ ಹಾಕುವಾಗ ಈಗ ವೆತ್‌ನ ಎರಡೂ ತುದಿಗಳನ್ನು ಮರೆಯಬಾರದು.

ಕೆಲವು ಕಡೆ ಮಾತ್ರ ಪೋರ್ಟುಗಳು ನೇರ ಓವಿಎಸ್‌ನಲ್ಲೇ ಉಳಿದವು. ಅಲ್ಲಿ ಪೋರ್ಟ್ ಪೋರ್ಟಿನ ನಡುವಿನ ಸಂಚಾರಕ್ಕೂ ಓಪನ್‌ಫ್ಲೋ ನಿಯಮ (ಕಂಟ್ರೋಲರ್ ಸ್ವಿಚ್‌ಗೆ ಕೊಡುವ ನಿಯಮ) ಬೇಕೇ ಬೇಕು. ಚಿಪ್ ದಾಟಿಸಿಬಿಟ್ಟರೆ ಆ ನಿಯಮಗಳಿಗೆ ಪ್ಯಾಕೆಟ್ಟೇ ಕಾಣುವುದಿಲ್ಲ. ವೇಗ ಕಮ್ಮಿಯಾದರೂ ಪರವಾಗಿಲ್ಲ ಅಂತ ಅವರೇ ಹೇಳಿದರು. ಅದನ್ನು ಆ ಮಾದರಿಯ ಬಿಡುಗಡೆ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದೇವೆ. ಮುಂದಿನ ಕೆಲಸ ಡೀಮನ್ನನ್ನು 3.x ಸರಣಿಗೆ ಏರಿಸುವುದು. ಮೇಕ್‌ಫೈಲಿನಲ್ಲಿ ಅದಕ್ಕಾಗಿ ಬದಲಾಗಬೇಕಾದದ್ದು ಆವೃತ್ತಿ, ಹ್ಯಾಶ್ ಮತ್ತು ಮಸ್ಲ್ ಪ್ಯಾಚ್. ಮಾಡ್ಯೂಲಿನ ಸಾಲುಗಳನ್ನು ಮುಟ್ಟಬೇಕಾಗಿಲ್ಲ.